ಫೇನ್ಯಾ ಅತ್ತೆಗಾಗಿ ಹಾಸಿದ ಕಲ್ಲು

ರಷ್ಯಾದ ಉತ್ತರಕ್ಕೆ, ಬಿಳಿ ಸಮುದ್ರದ ದಂಡೆಯ ನಮ್ಮ ಊರಿನಲ್ಲಿ ಫೇನ್ಯಾ ಅತ್ತೆಯಷ್ಟು ಅಂಜುಬುರುಕಿ ಇನ್ನೊಬ್ಬಳಿರಲಿಲ್ಲ. ಮೀನಿನ ಬಲೆ ಬಿಡಿಸಲು ಹೋಗಿದ್ದ ಅವಳ ಅಪ್ಪ, ಕಡಲಂಚಿನ ಜೇಡಿಗುಡ್ಡ ಕುಸಿದು ಅದರಡಿ ಸಿಕ್ಕಿ ಸತ್ತಿದ್ದ. ಹೆಣವೂ ಸಿಕ್ಕಿರಲಿಲ್ಲ. ಆಮೇಲೆ ಅವಳು ಆ ಗುಡ್ಡದ ಬುಡಕ್ಕೆ ಕಾಲಿಟ್ಟವಳಲ್ಲ.

ಪ್ರತಿ ಬೇಸಿಗೆ ಪಳೆಯುಳಿಕೆ ಹುಡುಕಲು ಮಾಸ್ಕೋದಿಂದ ಬರುತ್ತಿದ್ದ ವಿಜ್ಞಾನಿ ರಿಮ್ಮಾ ಲ್ವೋವ್ನಾಳಿಗೆ ಬೇಕಾದದ್ದು ಅದೇ ಗುಡ್ಡ. ಅಲ್ಲಿಂದ ಉದುರುವ ಚಪ್ಪಡಿಗಳ ಅಡಿಮೈಯಲ್ಲಿ, ಮೂಳೆ ಚಿಪ್ಪುಗಳೇ ಇಲ್ಲದ ಕಾಲದ ಮೆತ್ತನೆಯ ಕಡಲಜೀವಿಗಳ ಅಚ್ಚು ಮೂಡಿರುತ್ತಿತ್ತು. ಅವು ಪ್ರಾಣಿಗಳೋ ಇನ್ನೇನೋ ಅವಳಿಗೂ ಖಚಿತವಿರಲಿಲ್ಲ. ಅತ್ತೆ ಗುಡ್ಡದ ಮೇಲಿನ ಡೇರೆಯಲ್ಲಿ ಅವಳಿಗೆ ಅಡುಗೆ ಮಾಡಿಕೊಡುತ್ತಿದ್ದಳು.

ಮಳೆ ಬಿಟ್ಟ ಒಂದು ಮಧ್ಯಾಹ್ನ ರಿಮ್ಮಾ ಒಬ್ಬಳೇ ಕೆಳಗಿಳಿದಳು. ಉಬ್ಬರ ಏರತೊಡಗಿದರೂ ಬರಲಿಲ್ಲ. ಅತ್ತೆ ಅಂಚಿನಲ್ಲಿ ನಿಂತು ಕೂಗಿದಳು. ಗಾಳಿ ಕೂಗನ್ನು ನುಂಗಿಬಿಟ್ಟಿತು. ಕೊನೆಗೆ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡು, ಕೊರಕಲು ಹಿಡಿದು ಇಳಿದಳು.

“ಕಿವುಡೇನೇ ನೀನು? ನೀರು ಬರ್ತಿದೆ, ಏಳು.”

“ಬಂದೆ ಅತ್ತೆ. ಈ ಚಪ್ಪಡಿ ನೋಡಿ, ಇಷ್ಟು ವರ್ಷ ಹುಡುಕಿದ್ದು ಇದನ್ನೇ. ಇಂಥದ್ದು ಯಾರೂ ಕಂಡಿಲ್ಲ.”

“ನಿನ್ನ ಸತ್ತ ಹುಳ ಎಲ್ಲಿಗೂ ಓಡಿಹೋಗಲ್ಲ. ಬಾ ಅಂದ್ರೆ.”

ಅವಳನ್ನು ಎಳೆಯಲು ಎರಡು ಹೆಜ್ಜೆ ಇಟ್ಟದ್ದೇ ತಡ, ನೆಲ ಗಂಜಿಯಾಯಿತು. ಅತ್ತೆ ತೊಡೆಯವರೆಗೆ ಹೂತುಹೋದಳು. ಮೇಲಿಂದ ಜೇಡಿ ಸಣ್ಣಗೆ ಜಾರುತ್ತಲೇ ಇತ್ತು. ಆ ಸದ್ದು ಅಪ್ಪನಿಗೂ ಕೇಳಿಸಿರಬೇಕು ಎಂದುಕೊಂಡಳಂತೆ.

ಎಳೆಯಲು ಬಂದ ರಿಮ್ಮಾಳೂ ಮೊಣಕಾಲವರೆಗೆ ಇಳಿದು, ಕಷ್ಟಪಟ್ಟು ಹಿಂದೆ ಸರಿದಳು. ಹಾಸಲು ಒಂದು ಹಲಗೆಯಿಲ್ಲ. ದಂಡೆಯ ದಿಮ್ಮಿಗಳನ್ನು ಅಲೆಗಳು ಆಗಲೇ ಎಳೆದೊಯ್ದಿದ್ದವು. ಅವಳು ಚಪ್ಪಡಿಯತ್ತ ನೋಡಿದಳು.

“ಬೇಗ ಕಣೇ,” ಎಂದಳು ಅತ್ತೆ. “ಬೇಗ.”

ರಿಮ್ಮಾ ಅದನ್ನು ತಂದು ಕೆಸರಿನ ಮೇಲೆ ಹಾಸಿ, ಅದರ ಮೇಲೆ ಮಂಡಿಯೂರಿ, ಬರಿಗೈಯಲ್ಲಿ ಜೇಡಿ ತೋಡಿದಳು. ಅಲೆಯ ನೊರೆ ಇಬ್ಬರಿಗೂ ತಾಗುತ್ತಿತ್ತು. ಕಂಕುಳಿಗೆ ಕೈಹಾಕಿ ಎಳೆದಾಗ ಕಲ್ಲು ಲಟಕ್ಕೆಂದು ಎರಡಾಯಿತು. ಅತ್ತೆ ಬೂಟು ಬಿಟ್ಟು ಹೊರಬಂದಳು. ಸೊಂಟದುದ್ದ ನೀರಲ್ಲಿ ಇಬ್ಬರೂ ಕೊರಕಲು ಸೇರುವ ಹೊತ್ತಿಗೆ ಹಿಂದೆ ಗುಡ್ಡ ಧಡಾರನೆ ಇಳಿದು ಆ ಜಾಗವನ್ನೇ ಮುಚ್ಚಿತು.

ಡೇರೆಗೆ ಬಂದು ಅತ್ತೆ ಚಹಾ ಕಾಯಿಸಿದಳು.

“ಬೈತೀಯೇನೇ?” ಅತ್ತೆ ಕೇಳಿದಳು.

“ಇಲ್ಲ ಅತ್ತೆ.” ಅಷ್ಟು ಹೇಳಿ ರಿಮ್ಮಾ ಮುಖ ಮುಚ್ಚಿಕೊಂಡು ಅತ್ತಳು.

ಮರುವರ್ಷವೂ ಬಂದು ಹುಡುಕಿದಳು. ಆ ಚಪ್ಪಡಿಯ ಒಂದು ಚೂರೂ ಸಿಗಲಿಲ್ಲ. ಅತ್ತೆ ಮತ್ತೆಂದೂ ಕೆಳಗಿಳಿಯಲಿಲ್ಲ. ಉಬ್ಬರ ಶುರುವಾದರೆ ಸಾಕು, ಗುಡ್ಡದ ಅಂಚಿನಲ್ಲಿ ನಿಂತು ಬಾಣಲೆ ಬಡಿಯತೊಡಗುತ್ತಿದ್ದಳು. ಕೊರಕಲಿನಲ್ಲಿ ರಿಮ್ಮಾಳ ತಲೆ ಕಾಣುವವರೆಗೂ ನಿಲ್ಲಿಸುತ್ತಿರಲಿಲ್ಲ.