ಸೋಮವಾರದ ಒಪ್ಪತ್ತು, ಮುರಿದ ಕೈ, ಮತ್ತು ನಾನು

ಗಿರಿಜಕ್ಕ ನನ್ನ ಕಣ್ಣೆದುರಿಗೇ ಬಿದ್ದರು.

ಸೋಮವಾರ ಬೆಳಗಿನ ಬ್ಯಾಚ್. ಎರಡೂ ಕೈಯಲ್ಲಿ ಡಂಬೆಲ್ ಹಿಡಿದು ಸ್ಟೆಪ್ ಬಾಕ್ಸ್ ಹತ್ತುತ್ತಿದ್ದವರು ಮೇಲೆ ಹೋಗಿ ನಿಂತರು, ಕಣ್ಣು ತೇಲಿಸಿದರು, ಹಾಗೇ ಪಕ್ಕಕ್ಕೆ ವಾಲಿದರು. ನಾನು ಓಡಿ ಹಿಡಿಯುವಷ್ಟರಲ್ಲಿ ಎಡಗೈ ನೆಲಕ್ಕೆ ಊರಿ ಆಗಿತ್ತು.

ಲಟಕ್ ಅಂದಿದ್ದು ನನಗೂ ಕೇಳಿಸಿತು...

ದಾವಣಗೆರೆಯ ಒಂದು ಜಿಮ್‌ನಲ್ಲಿ ನಾನು ಹೆಂಗಸರ ಪರ್ಸನಲ್ ಟ್ರೈನರ್. ಕೋರ್ಸ್ ಮಾಡಿದ್ದೇನೆ, ಕೆಲಸ ಚೆನ್ನಾಗಿ ಗೊತ್ತು. ಭಾನುವಳ್ಳಿ ಅನ್ನೋ ಹಳ್ಳಿಯ ಹುಡುಗಿ ಟ್ರ್ಯಾಕ್ ಪ್ಯಾಂಟ್ ಹಾಕಿಕೊಂಡು ನಮಗೇನು ಕಲಿಸುತ್ತಾಳೆ ಅಂದವರೇ ಈಗ ಸೊಸೆಯಂದಿರನ್ನೂ ಕರೆದುಕೊಂಡು ಬರುತ್ತಾರೆ.

ಗಿರಿಜಕ್ಕ ದೇವರಾಜ ಅರಸು ಬಡಾವಣೆಯವರು. ವಯಸ್ಸು ಐವತ್ತು ದಾಟಿದೆ, ಮಂಡಿನೋವು ಕಡಿಮೆಯಾಗಲಿ ಎಂದು ಸೇರಿಕೊಂಡವರು.

ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋದೆ. ಎಕ್ಸ್‌ರೇ ನೋಡಿದರೆ ಮಣಿಕಟ್ಟಿನ ಮೂಳೆ ಮುರಿದಿತ್ತು. ಬೆಳಿಗ್ಗೆ ಏನು ತಿಂದಿದ್ದಿರಿ ಅಂತ ಡಾಕ್ಟರ್ ಕೇಳಿದರು.

"ಸೋಮವಾರ ನಂದು ಒಪ್ಪತ್ತು ರೀ. ಸಂಜಿ ಪೂಜೆ ಆಗೋತನ ಬರೀ ನೀರು."

ನಾನು ಅವರ ಕಡೆ ತಿರುಗಿದೆ. "ಅಕ್ಕಾ, ನಾಷ್ಟ ಆತಾ ಅಂತ ಬಾಗಿಲಾಗೇ ಕೇಳಿದ್ನಲ್ಲ? ಆತು ಅಂದ್ರಿ."

"ಕೇಳಿದ್ರೆ ಆತು ಅನ್ನದೆ ಇನ್ನೇನು ಅನ್ಲಿ ತಾಯಿ? ಆಗಿಲ್ಲ ಅಂದ್ರೆ ನೀನು ಏನಾರ ತಿನ್ಸಾಕೆ ಒದ್ದಾಡ್ತಿ. ನಿಂಗ್ಯಾಕ ತ್ರಾಸು?"

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನಮ್ಮ ಕಡೆ ಹೊಟ್ಟೆ ಖಾಲಿ ಇದ್ದರೂ "ಆತು" ಅನ್ನುವುದೇ ಮರ್ಯಾದೆ. ಎಷ್ಟೋ ಮನೆಗಳಲ್ಲಿ ನಾನೂ ಹಸಿದುಕೊಂಡೇ ಹಾಗಂದಿದ್ದೇನೆ.

ಮರುದಿನ ಅವರ ಮಗ ಮಹೇಶಣ್ಣ ಜಿಮ್‌ಗೆ ಬಂದರು. ಹಾರ್ಡ್‌ವೇರ್ ಅಂಗಡಿ ನಡೆಸುವವರು, ಮಾತು ನೇರ. "ನಮ್ಮವ್ವನ ಕೈಗೆ ಯಾರು ಜವಾಬ್ದಾರಿ? ಹೇಳ್ರಿ, ಇಲ್ಲಾ ಗ್ರಾಹಕರ ಕೋರ್ಟಿಗೆ ಹೋಗ್ತೀನಿ."

ನಮ್ಮ ಓನರ್ ತಕ್ಷಣ ಗಿರಿಜಕ್ಕ ಸೇರುವಾಗ ಸೈನ್ ಮಾಡಿದ್ದ ಫಾರ್ಮ್ ತೆಗೆದು ಟೇಬಲ್ ಮೇಲಿಟ್ಟರು. ಏನಾದರೂ ಆದರೆ ಸೇರಿದವರೇ ಹೊಣೆ ಅಂತ ಅದರಲ್ಲಿ ಬರೆದಿದೆಯಂತೆ. ಮೇಲಾಗಿ ನಾನು ಜಿಮ್‌ನ ಸ್ಟಾಫೇ ಅಲ್ಲವಂತೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರು ಅನ್ನುತ್ತಾರಲ್ಲ, ಹಾಗಾಯಿತು.

ಮಹೇಶಣ್ಣ ಹೋದ ಮೇಲೆ ಓನರ್ ನನ್ನನ್ನು ಪಕ್ಕಕ್ಕೆ ಕರೆದರು. "ಉಪವಾಸ ಮುಚ್ಚಿಟ್ಟಿದ್ದು ಅವ್ರ ತಪ್ಪು ಅನ್ನು, ಮುಗೀತು. ಇಲ್ಲಾ ಅಂದ್ರೆ ನಿನ್ನ ಬ್ಯಾಚ್ ಖಾಲಿ ಆಗ್ತೈತೆ ನೋಡು."

ಹೆದರಿಕೆ ಆಗಲಿಲ್ಲ ಅಂದರೆ ಸುಳ್ಳು. "ಅವಳ ಹತ್ರ ಹೋದ್ರೆ ಕೈ ಮುರೀತೈತೆ" ಅನ್ನೋ ಮಾತು ಊರಲ್ಲಿ ಒಮ್ಮೆ ಹಬ್ಬಿದರೆ, ಇಷ್ಟು ವರ್ಷ ಕಷ್ಟಪಟ್ಟು ಗಳಿಸಿದ ಹೆಸರು ಅಲ್ಲಿಗೇ ಮುಗಿಯಿತು.

ಹರಿಹರದಲ್ಲಿ ನನ್ನ ಕಾಲೇಜು ಗೆಳತಿ ರೇಖಾ ವಕೀಲೆ. ಸಂಜೆ ಬಸ್ ಹತ್ತಿ ಅವಳ ಆಫೀಸಿಗೆ ಹೋದೆ. ಅವರು ಬೀಳೋ ಮುಂಚೆ ನೀನು ಏನು ನೋಡಿದೆ ಅಂತ ಕೇಳಿದಳು.

ಹೇಳಿದೆ. ಗಿರಿಜಕ್ಕ ಮತ್ತೆ ಮತ್ತೆ ಆಕಳಿಸುತ್ತಿದ್ದರು, ಮುಖ ಬಿಳುಚಿಕೊಂಡಿತ್ತು. ನಾನು "ಯಾಕಕ್ಕ, ರಾತ್ರಿ ಸೀರಿಯಲ್ ಜಾಸ್ತಿ ಆತೇನು" ಅಂತ ರೇಗಿಸಿ, ಇನ್ನೊಂದು ರೌಂಡ್ ಮಾಡಿಸಿದ್ದೆ.

ರೇಖಾ ಪೆನ್ನು ಕೆಳಗಿಟ್ಟಳು. "ಸೈನ್ ಹಾಕಿಸ್ಕಂಡ ತಕ್ಷಣ ಅಜಾಗರೂಕತೆ ಮಾಫಿ ಆಗಲ್ಲ ಕಣೆ. ಅವ್ರು ಹೇಳ್ಲಿಲ್ಲ ಅನ್ನೋದು ನಿನ್ನ ಕಡೆ ಐತೆ. ನೀನು ನೋಡಿದ್ರೂ ನಿಲ್ಲಿಸ್ಲಿಲ್ಲ ಅನ್ನೋದು ಅವ್ರ ಕಡೆ ಐತೆ. ಜಿಮ್‌ನೋರೂ ಸುಮ್ನೆ ಕೈ ತೊಳ್ಕಳ್ಳಾಕೆ ಆಗಲ್ಲ. ಸದ್ಯಕ್ಕೆ ಯಾರ ಮುಂದೂ ಏನೂ ಒಪ್ಕಬ್ಯಾಡ."

ಸಲಹೆ ಸರಿಯಾಗೇ ಇತ್ತು. ಆದರೆ ವಾಪಸ್ ಬರುವಾಗ ಬಸ್ಸಿನಲ್ಲಿ ದಾರಿಯುದ್ದಕ್ಕೂ ನನಗೆ ಆ ಆಕಳಿಕೆಯೇ ಕಾಣುತ್ತಿತ್ತು. ಅಂಥ ಹೊತ್ತಲ್ಲಿ ಮೊದಲು ಕೂರಿಸಬೇಕು ಅಂತ ಕೋರ್ಸ್‌ನಲ್ಲೇ ಹೇಳಿಕೊಟ್ಟಿದ್ದರು. ನನಗೆ ನನ್ನ ಮೇಲೇ ಸಿಟ್ಟು ಬಂದಿತ್ತು.

ಇಳಿದವಳು ಸೀದಾ ಗಿರಿಜಕ್ಕನ ಮನೆಗೆ ಹೋದೆ.

ಅಷ್ಟು ಸಿಟ್ಟಲ್ಲೂ ಮಹೇಶಣ್ಣ "ಕೂಡ್ರಿ" ಅಂದರು. ನಾನು ಕೂರಲಿಲ್ಲ.

"ಉಪವಾಸ ಅಂತ ಅಕ್ಕ ಹೇಳ್ಲಿಲ್ಲ, ಅದು ನಿಜ. ಆದ್ರೆ ಅವ್ರಿಗೆ ಸುಸ್ತಾಗಿದ್ದು ನಂಗೆ ಕಾಣ್ತಿತ್ತು ಅಣ್ಣ. ಆವಾಗ್ಲೇ ನಿಲ್ಲಿಸ್ಬೇಕಿತ್ತು, ನಿಲ್ಲಿಸ್ಲಿಲ್ಲ. ಕೇಸ್ ಹಾಕಿದ್ರೆ ಅಲ್ಲೂ ಇದನ್ನೇ ಹೇಳ್ತೀನಿ."

ಒಳಗಿನಿಂದ ಗಿರಿಜಕ್ಕನ ದನಿ ಬಂತು. "ನಾನೂ ಸುಳ್ಳು ಹೇಳೀನಿ, ನನ್ನ ಮ್ಯಾಲೂ ಒಂದು ಕೇಸ್ ಹಾಕಪ್ಪ."

ಮಹೇಶಣ್ಣ ನಗಲಿಲ್ಲ. "ಯೋಚ್ನೆ ಮಾಡ್ತೀನಿ" ಅಂದರು ಅಷ್ಟೇ.

ಕೇಸ್ ಹಾಕಲಿಲ್ಲ. ಕ್ಷಮಿಸಿದ್ದೇನೆ ಅಂತಲೂ ಹೇಳಲಿಲ್ಲ.

ಈಗ ನಾನು "ಆತಾ" ಅಂತ ಕೇಳುವುದಿಲ್ಲ. ಏನು ತಿಂದಿರಿ, ಎಷ್ಟು ಹೊತ್ತಿಗೆ ತಿಂದಿರಿ ಅಂತ ಕೇಳುತ್ತೇನೆ. ಒಪ್ಪತ್ತು ಇದ್ದವರಿಗೆ ಭಾರ ಇಲ್ಲ, ಬರೀ ಸ್ಟ್ರೆಚಿಂಗ್. ಪೊಲೀಸ್ ವಿಚಾರಣೆ ಇದ್ದಂಗೈತೆ ಅಂತ ಬ್ಯಾಚಿನವರು ಬೈಯುತ್ತಾರೆ, ಬೈಯಲಿ. ಇಂಥದ್ದು ಆದರೆ ಖರ್ಚಿಗೆ ಆಗುತ್ತೆ ಅಂತ ರೇಖಾ ಆಮೇಲೆ ಹೇಳಿದ ಇನ್ಶೂರೆನ್ಸನ್ನೂ ಮಾಡಿಸಿದೆ. ಒಬ್ಬಿಬ್ಬರು ಬ್ಯಾಚ್ ಬಿಟ್ಟರು, ಉಳಿದವರು ಉಳಿದಿದ್ದಾರೆ.

ಮೊನ್ನೆ ಗಿರಿಜಕ್ಕನ ಪ್ಲಾಸ್ಟರ್ ತೆಗೆದರು. ಇನ್ನು ಮೆಲ್ಲಗೆ ವ್ಯಾಯಾಮ ಶುರು ಮಾಡಬಹುದು ಅಂತ ಡಾಕ್ಟರ್ ಹೇಳಿದ್ದಾರೆ. ಮಾಡಿದರೆ ನನ್ನ ಹತ್ತಿರವೇ ಅಂತ ಅಕ್ಕ ಹಟ ಹಿಡಿದಿದ್ದಾರಂತೆ.

ಇವತ್ತು ಮಹೇಶಣ್ಣ ಫೋನ್ ಮಾಡಿದ್ದರು. "ಅವ್ವ ಕೇಳ್ತಿಲ್ಲ. ನಂಗೆ ಮಾತ್ರ ಧೈರ್ಯ ಬರ್ತಿಲ್ಲ ನೋಡವ್ವ."

ಬೇಜಾರಾಗಲಿಲ್ಲ. ಆ ಸೋಮವಾರ ಇದ್ದವಳಿಗಿಂತ ಈಗ ನಾನು ಒಳ್ಳೆಯ ಟ್ರೈನರ್, ಅದರಲ್ಲಿ ನನಗೆ ಅನುಮಾನ ಇಲ್ಲ. ಆದರೆ ಅದನ್ನು ಅವರು ನಂಬಲೇಬೇಕು ಅಂತ ಕೇಳುವ ಹಕ್ಕು ನನಗಿಲ್ಲ.

ಯೋಚಿಸಿ ಹೇಳಿ ಅಣ್ಣ, ಕಾಯ್ತೀನಿ ಅಂದೆ.

ಗಿರಿಜಕ್ಕ ನಿಮ್ಮ ತಾಯಿ ಆಗಿದ್ದರೆ, ನೀವು ಮತ್ತೆ ನನ್ನ ಹತ್ತಿರ ಕಳಿಸುತ್ತಿದ್ದಿರಾ?