ಜಮಾಲಸಾಬನ ಕಲಾಯಿ

ಜಮಾಲಸಾಬನ ಬಗ್ಗೆ ಯಾರಾದರೂ ಹಗುರಾಗಿ ಮಾತಾಡಿದರೆ ನನಗೆ ಇಂದಿಗೂ ಮೈ ಉರಿಯುತ್ತದೆ. ಹೋದ ತಿಂಗಳು ಸವಣೂರಿನ ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಮಹಾಶಯ, “ಆ ಕಲಾಯಿ ಸಾಬನ ದೆಸಿಯಿಂದ ಮಕ್ಕಳ ಹೊಂಡ ಮುಚ್ಚಿತು” ಎಂದು ಯಾರಿಗೋ ಹೇಳುತ್ತ ಎಲೆಯಡಿಕೆ ಜಗಿಯುತ್ತಿದ್ದ. ಕೈಚೀಲ ಕೆಳಗಿಟ್ಟು ಅವನಿಗೆ ನಾಲ್ಕು ಮಾತು ಅಂದೇ ಬಸ್ಸು ಹತ್ತಿದೆ. ಆದರೆ ಅವನಿಗೆ ಹೇಳಬೇಕಾದದ್ದನ್ನು ಪೂರ್ತಿ ಹೇಳಿರಲಿಲ್ಲ. ಅದನ್ನು ಇಲ್ಲಿ ಬರೆಯುತ್ತೇನೆ.

ಸವಣೂರಿನಿಂದ ಶಿಗ್ಗಾಂವಿಗೆ ಹೋಗುವ ಹಾದಿಯಲ್ಲಿ, ಎಲೆಬಳ್ಳಿ ತೋಟಗಳು ಮುಗಿಯುವ ಕಡೆ, ಪೋಲಿಯೋದಿಂದ ಕಾಲು ಹೋದ ಮಕ್ಕಳಿಗಾಗಿ ಒಂದು ಸಣ್ಣ ಕೇಂದ್ರವಿತ್ತು. ಜಾಗ ಕೊಟ್ಟವರು ತೋಟದ ಮಾಲಕರಾದ ಪರಮೇಶಪ್ಪನವರು. ನಡೆಸುತ್ತಿದ್ದವರು ಹಾನಗಲ್ಲಿನ ವಾದಿರಾಜ ಡಾಕ್ಟರು. ತೋಟಕ್ಕೆ ನೀರು ಬಿಡುವ ಹಳೆಯ ಕಲ್ಲಿನ ಹೊಂಡವನ್ನು ಅವರು ಸಿಮೆಂಟು ಬಳಿಸಿ ಈಜುಕೊಳ ಮಾಡಿಸಿದ್ದರು. ಒಂದು ತುದಿಯಿಂದ ಇಳಿಜಾರು, ಎರಡೂ ಬದಿ ಹಿಡಿದುಕೊಳ್ಳಲು ಕಬ್ಬಿಣದ ಕೊಳವೆ, ಮಕ್ಕಳ ಎದೆಮಟ್ಟದ ನೀರು. ನೆಲದ ಮೇಲೆ ನಿಲ್ಲಲಾರದ ಕಾಲು ನೀರಿನಲ್ಲಿ ನಿಲ್ಲುತ್ತದೆ, ನಿಂತು ನಿಂತು ಬಲ ಬರುತ್ತದೆ ಎಂದು ಡಾಕ್ಟರು ಹೇಳುತ್ತಿದ್ದರು. ನಾನು, ಕೃಷ್ಣಾಬಾಯಿ, ಅಲ್ಲಿಯ ಅಡುಗೆಮನೆಯವಳು. ನನ್ನ ಕೈರುಚಿ ಎಷ್ಟು ಹೆಸರಾಗಿತ್ತೋ ನನ್ನ ಸಿಟ್ಟೂ ಅಷ್ಟೇ ಹೆಸರಾಗಿತ್ತು.

ಜಮಾಲಸಾಬ ಮೊದಲು ಬಂದದ್ದು ೧೯೮೨ರ ಬೇಸಿಗೆಯಲ್ಲಿ, ನನ್ನ ಪಾತ್ರೆಗಳಿಗೆ ಕಲಾಯಿ ಹಾಕಲು. ಹಿತ್ತಲಲ್ಲಿ ಕುಣಿ ತೋಡಿ, ಇದ್ದಲು ಹೊತ್ತಿಸಿ, ತಿದಿ ಒತ್ತುತ್ತ ಕೂತ. ಕಾದ ಪಾತ್ರೆಗೆ ನವಸಾಗರ ಉದುರಿಸಿ, ತವರದ ಕಡ್ಡಿ ಮುಟ್ಟಿಸಿ, ಅರಳೆಯಿಂದ ಸರಕ್ಕನೆ ಒರೆಸಿದರೆ ಒಳಗೆಲ್ಲ ಬೆಳ್ಳಗೆ. ಅರವತ್ತರ ಹತ್ತಿರದ ವಯಸ್ಸು, ಸುಟ್ಟು ಸುಟ್ಟು ದಪ್ಪಗಾದ ಬೆರಳು. ಅವನ ಪಕ್ಕದಲ್ಲಿ ಗೋಣಿತಟ್ಟಿನ ಮೇಲೆ ಏಳು ವರ್ಷದ ಒಬ್ಬ ಹುಡುಗಿ ಕೂತಿದ್ದಳು. ಮೊಮ್ಮಗಳು ನೂರಜಹಾನ. ತಾಯಿ ಹೆರಿಗೆಯಲ್ಲೇ ಹೋಗಿದ್ದಳು, ತಂದೆ ಬೇರೆ ಸಂಸಾರ ಹೂಡಿದ್ದ. ಬಲಗಾಲು ತೊಡೆಯಿಂದ ಕೆಳಗೆ ಸಣಕಲು. ಅಜ್ಜ ಎಲ್ಲಿಗೆ ಹೋದರೂ ಅವಳನ್ನು ಬೆನ್ನಿಗೆ ಕಟ್ಟಿಕೊಂಡೇ ಹೋಗುತ್ತಿದ್ದ.

ಡಾಕ್ಟರು ಆ ದಾರಿಯಲ್ಲಿ ಬಂದವರು ಹುಡುಗಿಯ ಕಾಲು ಮುಟ್ಟಿ, ಮಡಚಿ, ಬಿಟ್ಟು ನೋಡಿದರು.

“ದಿನಾ ಕರ್ಕೊಂಡು ಬಾ ಜಮಾಲಸಾಬ. ಎರಡು ವರ್ಷ ತಪ್ಪದ ನೀರಾಗ ನಡಸೋಣ. ಕೋಲು ಹಿಡದು ನೆಲದ ಮ್ಯಾಲೆ ನಡೀತಾಳ ಈಕಿ. ನಡುವ ಬಿಟ್ರ ಮಾತ್ರ ಕಾಲು ಸೆಡತುಬಿಡ್ತದ, ಮುಂದ ಏನೂ ಮಾಡ್ಲಿಕ್ಕೆ ಆಗೂದಿಲ್ಲ.”

ಅವನು ಅಂದು ತಿದಿ ಒತ್ತುವುದನ್ನೇ ಮರೆತ. ಬೆಂಕಿ ಆರಿತು, ನನ್ನ ಎರಡು ಪಾತೇಲಿ ಅರ್ಧಮರ್ಧ ಉಳಿದವು. ನಾನು ಸರೀ ಬೈದೆ. ಅವನು ನಗುತ್ತಲೇ ಇದ್ದ. ಮರುವಾರ ಬಂದು, ಏನಾದರೂ ಕೆಲಸ ಕೊಟ್ಟು ಇಲ್ಲೇ ಇಟ್ಟುಕೊಳ್ಳಿರೆಂದು ಡಾಕ್ಟರಿಗೆ ಕೈಮುಗಿದ. ಹೊಂಡ ತೊಳೆಯುವ, ಪಂಪು ನೋಡಿಕೊಳ್ಳುವ ಕೆಲಸ ಸಿಕ್ಕಿತು.

ಆಗ ನೀರಿಗೆ ಬ್ಲೀಚಿಂಗ್ ಪುಡಿ ಹಾಕುತ್ತಿದ್ದೆವು. ಮಕ್ಕಳ ಕಣ್ಣು ಕೆಂಡದ ಹಾಗಾಗುತ್ತಿದ್ದವು, ಕೆಮ್ಮು ನಿಲ್ಲುತ್ತಿರಲಿಲ್ಲ. ಎಂಬತ್ಮೂರರ ಕೊನೆಗೆ ಡಾಕ್ಟರು ಮುಂಬೈಯ ಗೆಳೆಯನಿಂದ ಒಂದು ಯಂತ್ರ ತರಿಸಿದರು. ರೇಡಿಯೋದಷ್ಟು ದೊಡ್ಡ ಪೆಟ್ಟಿಗೆ, ಅದರಿಂದ ಎರಡು ತಂತಿ. ಪಂಪಿನ ಕೊಳವೆಯ ನಡುವೆ ಒಂದು ಡಬ್ಬಿ ಕೂಡಿಸಿದರು, ಡಬ್ಬಿಯೊಳಗೆ ಗೇಣುದ್ದದ ಎರಡು ತಾಮ್ರದ ಪಟ್ಟಿ. ಸಣ್ಣಗೆ ಕರೆಂಟು ಹರಿದರೆ ತಾಮ್ರ ಕಣ್ಣಿಗೆ ಕಾಣದಷ್ಟು ಕರಗಿ ನೀರಿಗೆ ಸೇರುತ್ತದೆ, ನೀರಿನೊಳಗಿನ ಪಾಚಿ, ರೋಗದ ಹುಳ ಸಾಯುತ್ತವೆ. ಹುಬ್ಬಳ್ಳಿಯಿಂದ ಬಂದ ಮಿಸ್ತ್ರಿ ಎರಡು ದಿನ ಕೂತು ಕೊಳವೆ ಕತ್ತರಿಸಿ, ಬೆಸೆದು, ತಂತಿ ಎಳೆದ. ಪ್ರತಿ ಸೋಮವಾರ ಡಾಕ್ಟರು ಗಾಜಿನ ನಳಿಗೆಯಲ್ಲಿ ನೀರು ಹಿಡಿದು, ಎರಡು ಹನಿ ಔಷಧ ಬಿಟ್ಟು, ಬಣ್ಣ ನೋಡಿ ತಾಮ್ರ ಎಷ್ಟಿದೆಯೆಂದು ತಿಳಿಯುತ್ತಿದ್ದರು. ಪಟ್ಟಿಗಳ ಮೇಲೆ ಸುಣ್ಣ ಕಟ್ಟಿದರೆ ತಿಂಗಳಿಗೊಮ್ಮೆ ಬಿಚ್ಚಿ ತಿಕ್ಕುವುದು ಜಮಾಲಸಾಬನ ಕೆಲಸ. ಯಂತ್ರ ಹೇಗೆ ನಡೆಯುತ್ತದೆಂದು ಅವನಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ.

ನಮ್ಮ ಮನೆಯಲ್ಲಿ ಕುಡಿಯುವ ನೀರು ಯಾವತ್ತೂ ಬರೀ ತಾಮ್ರದ ಕೊಡದಲ್ಲಿ. ಅದರೊಳಗೆ ಕಲಾಯಿ ಕಂಡರೆ ನಮ್ಮತ್ತೆ ಕೊಡವನ್ನೇ ಬೀದಿಗೆಸೆಯುತ್ತಿದ್ದರು. ಹಾಗಾಗಿ ಯಂತ್ರದ ಮಾತು ನನಗೆ ಹೊಸದೆನಿಸಲಿಲ್ಲ. ಜಮಾಲಸಾಬನ ಮನೆಯ ರೀತಿಯೇ ಬೇರೆ. ಅವರ ಓಣಿಯಲ್ಲಿ ಲೋಟದಿಂದ ಹಿಡಿದು ಕೊಡದವರೆಗೆ ಎಲ್ಲ ತಾಮ್ರದ್ದೇ, ಆದರೆ ಒಳಗೂ ಹೊರಗೂ ಕಲಾಯಿ. ಕಲಾಯಿ ಸವೆದು ಕೆಂಪು ಕಂಡಿತೆಂದರೆ ಆ ಪಾತ್ರೆಯಿಂದ ಯಾರೂ ನೀರು ಮುಟ್ಟುತ್ತಿರಲಿಲ್ಲ. ಅವನ ತಂದೆಯ ಕಾಲದಲ್ಲಿ ಹತ್ತಿಮತ್ತೂರಿನ ಒಂದು ಮದುವೆಯಲ್ಲಿ, ಕಲಾಯಿ ಹೋದ ಪಾತ್ರೆಯ ಹುಳಿ ಉಂಡು ಜನ ವಾಂತಿ ಮಾಡಿಕೊಂಡು, ಒಂದು ಕೂಸು ಸತ್ತಿತ್ತಂತೆ. ಅದಕ್ಕೇ ನನ್ನ ಪಾತ್ರೆಗಳಿಗೆ ಅವನು ಒಂದು ಸಲದ ಜಾಗದಲ್ಲಿ ಎರಡು ಸಲ ಕಲಾಯಿ ಒರೆಸುತ್ತಿದ್ದ.

ಯಂತ್ರ ಬಂದ ಮೇಲೆ ಕಣ್ಣುರಿ ಹೋಯಿತು, ಕೆಮ್ಮು ಹೋಯಿತು, ನೀರು ತಿಳಿಯಾಗಿ ತಳದ ಗೆರೆಯೂ ಕಾಣುತ್ತಿತ್ತು. ನೂರಜಹಾನ ಕೊಳವೆ ಬಿಟ್ಟು ಮೊದಲ ಹೆಜ್ಜೆ ಇಟ್ಟದ್ದು ಎಂಬತ್ನಾಲ್ಕರ ಯುಗಾದಿಯ ಮಾರನೆಯ ದಿನ. ಎರಡು, ಮೂರು, ನಾಲ್ಕು ಹೆಜ್ಜೆ. ನಾಲ್ಕನೆಯದಕ್ಕೆ ಮುಗ್ಗರಿಸಿ ನೀರು ಕುಡಿದು, ಕೆಮ್ಮುತ್ತ ನಕ್ಕಳು. ಜಮಾಲಸಾಬ ಬಟ್ಟೆ ಸಮೇತ ನೀರಿಗಿಳಿದು ಅವಳನ್ನೆತ್ತಿಕೊಂಡು ನನ್ನ ಅಡುಗೆಮನೆಯ ಹೊಸ್ತಿಲಿಗೆ ಓಡಿಬಂದ.

“ಬಾಯಾರ, ನಡದ್ಳರಿ! ನನ್ನ ಕೂಸು ನಡದ್ಳರಿ!”

ನೆಲವೆಲ್ಲ ಹಸಿ ಮಾಡಿದ್ದ. ಅಂದು ನಾನು ಬೈಯಲಿಲ್ಲ. ಇಬ್ಬರಿಗೂ ಒಂದೊಂದು ಹೋಳಿಗೆ ಕೊಟ್ಟೆ.

ಮೇ ತಿಂಗಳಲ್ಲಿ ಡಾಕ್ಟರು ಯಾವುದೋ ತರಬೇತಿಗೆಂದು ಎರಡು ತಿಂಗಳು ಮುಂಬೈಗೆ ಹೋದರು. ಹನಿ ಔಷಧದ ಪೆಟ್ಟಿಗೆ ಅವರ ಕಪಾಟಿನಲ್ಲೇ ಉಳಿಯಿತು, ಅದನ್ನು ಬಳಸುವುದು ಬೇರೆ ಯಾರಿಗೂ ಗೊತ್ತಿರಲಿಲ್ಲ. ಅವರು ಹೋದ ನಾಲ್ಕನೆಯ ದಿನ ಜಮಾಲಸಾಬ ಪಟ್ಟಿ ಬಿಚ್ಚಿದ. ಅವುಗಳ ಮೇಲೆ ಈ ಸಲ ಬಿಳಿ ಸುಣ್ಣದ ಬದಲು ಹಸಿರು ಕಿಲುಬು ಕೂತಿತ್ತು. ನೀರು ಬೀಳುವ ಕಡೆ ಸಿಮೆಂಟಿನ ಮೇಲೂ ತೆಳ್ಳಗೆ ಹಸಿರು ಕಲೆ. ಆ ನೀರನ್ನೇ ಅಲ್ಲವೇ ಕೂಸು ದಿನಾ ಗುಟುಕು ಗುಟುಕಾಗಿ ಕುಡಿಯುತ್ತಿದ್ದುದು!

ಪಟ್ಟಿಗಳನ್ನು ಟವೆಲಿನಲ್ಲಿ ಸುತ್ತಿಕೊಂಡು ಅವನು ನನ್ನಲ್ಲಿಗೆ ಬಂದ. ಅಂದು ಏಕಾದಶಿ, ನನಗೆ ಉಪವಾಸ. ಮೂವತ್ತು ಮಕ್ಕಳ ಅನ್ನ ಒಲೆಯ ಮೇಲಿತ್ತು, ಕಟ್ಟಿಗೆ ಹಸಿ, ಹೊಗೆಗೆ ಕಣ್ಣು ಬಿಡಲಾಗುತ್ತಿರಲಿಲ್ಲ.

“ಬಾಯಾರ, ಒಂದ್ ಮಾತು ಕೇಳಬೇಕಾಗಿತ್ರಿ. ಈ ತಾಮ್ರ ಕಿಲುಬು ಹಿಡದೈತ್ರಿ. ಹಿಂಗ ಬರೇದ ನೀರಾಗ ಬಿಟ್ರ ಮಕ್ಕಳಿಗೆ ಏನರ ಆದೀತೇನ್ರಿ? ಕಲಾಯಿ...”

“ಏ ಮಾರಾಯ, ನನ್ನ ತಲಿ ತಿನಬ್ಯಾಡ! ಕಲಾಯಿ ಹಾಕೂದು ನಿನ್ನ ಕೆಲಸೋ ನಂದೋ? ನಿನಗ ತಿಳದಂಗ ಮಾಡ್ಕೋ ಹೋಗು!”

ಅವನ ಕೈಯಲ್ಲೇನಿದೆಯೆಂದು ನಾನು ತಿರುಗಿಯೂ ನೋಡಲಿಲ್ಲ, ಯಾವುದೋ ಪಾತ್ರೆ ಎಂದುಕೊಂಡೆ. ನೋಡಿದ್ದರೆ ಹೇಳುತ್ತಿದ್ದೆ. ನೀರಿನ ತಾಮ್ರಕ್ಕೆ ಕಲಾಯಿ ಹಾಕಬಾರದೆಂದು ನಮ್ಮ ಮನೆಯ ಸಣ್ಣ ಕೂಸಿಗೂ ಗೊತ್ತು. ಒಂದು ಗಳಿಗೆ ಸೌಟು ಕೆಳಗಿಟ್ಟು ತಿರುಗಿದ್ದರೆ ಸಾಕಾಗಿತ್ತು.

ಅವನು ಹಿತ್ತಲಿಗೆ ಹೋಗಿ ಇದ್ದಲು ಹೊತ್ತಿಸಿದ. ಆ ಎರಡು ಪಟ್ಟಿಗಳಿಗೆ ಅವನು ಜನ್ಮದಲ್ಲಿ ಹಾಕಿರದಂಥ ಕಲಾಯಿ ಹಾಕಿದ. ಒಂದು ಎಳೆ ಕೆಂಪು ಕಾಣದ ಹಾಗೆ, ಮೂಲೆಮೂಲೆಗೂ ಅರಳೆ ಆಡಿಸಿ ಮೂರು ಸಲ ಒರೆಸಿದ. ಡಬ್ಬಿಗೆ ಸೇರಿಸಿ ಪಂಪು ಹಚ್ಚಿದ. ಪೆಟ್ಟಿಗೆಯ ದೀಪ ಎಂದಿನಂತೆ ಉರಿಯಿತು. ಮುಂದೆ ಹದಿನೈದು ದಿನಕ್ಕೊಮ್ಮೆ ಬಿಚ್ಚಿ ನೋಡಿ, ಎಲ್ಲಾದರೂ ಸವೆದಿದ್ದರೆ ಮತ್ತೆ ಬಳಿಯುತ್ತಿದ್ದ. ಹಸಿರು ಕಲೆಯನ್ನು ಇಟ್ಟಿಗೆ ಪುಡಿಯಿಂದ ತಿಕ್ಕಿ ತೆಗೆದ. ಅದು ಮತ್ತೆ ಬರಲಿಲ್ಲ. ಆಗ ಅವನಿಗೆ ನಿದ್ದೆ ಹತ್ತಿತಂತೆ.

ಜೂನಿನಲ್ಲಿ ಹೊಂಡದ ಗೋಡೆಗಳು ಕೈಗೆ ಜಾರತೊಡಗಿದವು. ಮಳೆಗಾಲದ ಪಾಚಿ ಎಂದುಕೊಂಡೆವು. ಜಮಾಲಸಾಬ ದಿನಾ ಬೆಳಿಗ್ಗೆ ಇಳಿದು ತೆಂಗಿನ ನಾರಿನಿಂದ ತಿಕ್ಕುತ್ತಿದ್ದ, ಮಧ್ಯಾಹ್ನಕ್ಕೆ ಮತ್ತೆ ಜಾರುತ್ತಿತ್ತು. ಆಮೇಲೆ ಮಕ್ಕಳ ಕಿವಿ ಸೋರಲು ಶುರುವಾಯಿತು. ಕಾಲುಗಳ ಮೇಲೆ ಕೀವುಗುಳ್ಳೆ, ನಂತರ ಜ್ವರ, ಭೇದಿ. ಹತ್ತೊಂಬತ್ತು ಮಕ್ಕಳು ಮಲಗಿದರು. ಹಿರೇಕೆರೂರಿನ ಕಡೆಯ ಒಬ್ಬ ಹುಡುಗನನ್ನು ಹುಬ್ಬಳ್ಳಿಗೆ ಒಯ್ಯಬೇಕಾಯಿತು. ಅವನು ಉಳಿದ, ಆದರೆ ಒಂದು ಕಿವಿ ಹೋಯಿತು. ನೂರಜಹಾನಳಿಗೂ ಜ್ವರ. ಅಜ್ಜ ಅವಳ ತಲೆಗೆ ಒದ್ದೆ ಬಟ್ಟೆ ಹಾಕುತ್ತ, “ಯಂತ್ರಂತೂ ಚೊಕ್ಕ ಐತ್ರಿ, ನಾನ ನೋಡೇನಿ” ಎಂದು ಬಂದವರಿಗೆಲ್ಲ ಹೇಳುತ್ತಿದ್ದ. ತಾಯ್ತಂದೆಗಳು ಬಂದು ಮಕ್ಕಳನ್ನು ಹೊತ್ತುಕೊಂಡು ಹೋದರು. ಪರಮೇಶಪ್ಪನವರು ನೀರು ಹೊರಗೆ ಬಿಡಿಸಿದರು.

ಡಾಕ್ಟರು ಸುದ್ದಿ ತಿಳಿದು ಓಡಿಬಂದರು. ಖಾಲಿ ಹೊಂಡದ ದಂಡೆಯಲ್ಲಿ ಕೂತು ಡಬ್ಬಿ ಬಿಚ್ಚಿಸಿದರು. ಪಟ್ಟಿ ಬೆಳ್ಳಗಿದ್ದವು. ಕಿಸೆಯ ಚಾಕುವಿನಿಂದ ಕೆರೆದರು, ಒಳಗೆ ಕೆಂಪು.

“ಇದು ಯಾರು ಮಾಡಿದ್ದು?”

“ನಾನ್ರಿ,” ಎಂದ ಜಮಾಲಸಾಬ. ಮಾಡಿದ ಕೆಲಸವನ್ನು ಬಲ್ಲವರು ಗುರುತಿಸಿದರಲ್ಲ ಎಂಬ ಸಂತೋಷ ಆ ಮುಖದಲ್ಲಿತ್ತು. “ಮೂರು ಕೈ ಹಾಕೇನ್ರಿ. ಒಂದ್ ಚೂರು ತಾಮ್ರ ನೀರಿಗೆ ಹೋಗಾಕ ಬಿಟ್ಟಿಲ್ರಿ.”

ಡಾಕ್ಟರು ಚಾಕು ಮಡಚಿ ಕಿಸೆಗೆ ಹಾಕಿದರು. ಆಮೇಲೆ ಮೆಲ್ಲಗೆ, ಮಗುವಿಗೆ ಹೇಳುವ ಹಾಗೆ ಹೇಳಿದರು. “ಜಮಾಲಸಾಬ, ತಾಮ್ರ ನೀರಿಗೆ ಹೋಗಲೇಬೇಕಾಗಿತ್ತಪಾ. ಅದು ಸವದು ಸವದು ತೀರಬೇಕು. ಹಂಗ ಸವದ್ರನ ನೀರು ಸ್ವಚ್ಛ. ಕುಡದ್ರೂ ಏನೂ ಆಗದಷ್ಟು ಸಣ್ಣ ಪ್ರಮಾಣ ಅದು.”

ಅವನಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ತಿಳಿದ ಮೇಲೆ ಹೊಂಡದ ಇಳಿಜಾರಿನಲ್ಲಿ ಕೂತ. ಬೆರಳುಗಳನ್ನು ಮುಖದೆದುರು ಹಿಡಿದು ನೋಡಿಕೊಂಡ. “ಯಾ ಅಲ್ಲಾ, ಇವ ಕೈಲೆ ಮಾಡಿದ್ನಲ್ಲೊ!” ಅಂದ. ನಾನು ಅಲ್ಲೇ ನಾಲ್ಕು ಮಾರು ದೂರದಲ್ಲಿ ಕಂಬ ಹಿಡಿದು ನಿಂತಿದ್ದೆ. ಅವನು ನನ್ನನ್ನು ಕೇಳಿದ್ದನೆಂದು ಡಾಕ್ಟರಿಗೆ ಹೇಳಲಿಲ್ಲ. ಅವನೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಬೇರೆ ಹೊತ್ತಿನಲ್ಲಿ ಊರೆಲ್ಲ ಕೇಳುವಂತಿದ್ದ ನನ್ನ ಬಾಯಿ ಅಂದು ಮುಚ್ಚಿಕೊಂಡೇ ಇತ್ತು. ಥೂ ನನ್ನ ಜನ್ಮಕ್ಕೆ!

ಹೊಂಡ ಮತ್ತೆ ತೆರೆಯಲಿಲ್ಲ. ಡಾಕ್ಟರು ಎಷ್ಟೋ ಕಡೆ ಅಲೆದರು, ಕಿವಿ ಹೋದ ಹುಡುಗನ ಸುದ್ದಿ ಎಲ್ಲ ಊರುಗಳಿಗೂ ಮುಟ್ಟಿತ್ತು, ಮಕ್ಕಳನ್ನು ಕಳಿಸುವವರು ಯಾರೂ ಇರಲಿಲ್ಲ. ಪರಮೇಶಪ್ಪನವರು ಹೊಂಡವನ್ನು ಮರಳಿ ತೋಟಕ್ಕೆ ಸೇರಿಸಿಕೊಂಡರು. ನಾನು ಅಕ್ಕಿಆಲೂರಿನ ತಮ್ಮನ ಮನೆಗೆ ಹೋದೆ.

ಒಂದೂವರೆ ವರ್ಷ ತಾಳಿಕೊಂಡೆ. ಆಮೇಲೆ ಉಂಡದ್ದು ಮೈಗೆ ಹತ್ತದೆ ಒಂದು ದಿನ ಬೆಳಗಿನ ಬಸ್ಸಿಗೆ ಸವಣೂರಿಗೆ ಬಂದು, ಕೇಳಿಕೊಂಡು ಜಮಾಲಸಾಬನ ಓಣಿಗೆ ಹೋದೆ. ನನ್ನನ್ನು ಕಂಡು ಅವನು ಗಾಬರಿಯಾಗಿ, ಎಲ್ಲಿ ಕೂಡಿಸಬೇಕೆಂದು ತಿಳಿಯದೆ, ತೊಳೆದ ಮಣೆಯನ್ನು ಮತ್ತೆ ತೊಳೆದು ಹಾಕಿದ.

“ಕುಂದರ್ರಿ ಬಾಯಾರ.”

ನಾನು ಕೂಡಲಿಲ್ಲ. “ಜಮಾಲಸಾಬ, ನೀ ಅವತ್ತು ನನ್ನ ಕೇಳಿದ್ದಿ. ನಾ ತಿರುಗಿ ನೋಡಲಿಲ್ಲ. ತಪ್ಪು ನಂದದ. ಇದನ್ನ ಡಾಕ್ಟರಿಗೆ ಹೇಳಿಬಿಡು, ಊರಿಗೆ ಹೇಳಿಬಿಡು.”

“ಬಿಡ್ರಿ ಬಾಯಾರ. ಒಲಿ ಮುಂದ ಉಪಾಸ ನಿಂತಿದ್ರಿ ನೀವು. ಹೊತ್ತು ನೋಡದ ಬಂದಾಂವ ನಾನು.”

ಅವನು ನನ್ನನ್ನು ಬೈದಿದ್ದರೆ ನಾನು ಬದುಕುತ್ತಿದ್ದೆ. ನೂರಜಹಾನ ಎಲ್ಲಿ ಎಂದು ಕೇಳಿದೆ. ಹಿತ್ತಲಿಗೆ ಕರೆದೊಯ್ದ.

ಅಲ್ಲಿ ಮದುವೆಗಳಲ್ಲಿ ಬಿರಿಯಾನಿ ಮಾಡುವ ಭಾರಿ ತಾಮ್ರದ ದೇಗು ಇತ್ತು, ನೆಲದಲ್ಲಿ ಅರ್ಧ ಹೂತು ನಿಲ್ಲಿಸಿದ್ದ. ಅದರ ತುಂಬ ನೀರು. ನೀರಿನಲ್ಲಿ ನೂರಜಹಾನ, ಎರಡೂ ಕೈಯಿಂದ ಅಂಚು ಹಿಡಿದು ನಿಂತಿದ್ದಳು. ಎತ್ತರ ಬೆಳೆದಿದ್ದಳು. ಬಲಗಾಲು ಮೊಳಕಾಲಲ್ಲಿ ಮಡಚಿಕೊಂಡು, ಡಾಕ್ಟರು ಅಂದಂತೆ, ಅಲ್ಲೇ ಸೆಡೆತುಬಿಟ್ಟಿತ್ತು. ದೇಗಿನ ಒಳಮೈ ಕೆಂಪಗಿತ್ತು. ಒಂದು ಚೂರೂ ಬಿಳುಪು ಉಳಿಯದ ಹಾಗೆ ಯಾರೋ ಕೂತು ಕೆರೆದಿದ್ದರು, ಕೆರೆದ ಗೀರುಗಳು ನೀರಿನ ಕೆಳಗೆ ಕಾಣುತ್ತಿದ್ದವು.

“ಕಲಾಯಿ ಎಲ್ಲಾ ಕೆತ್ತಿ ತಗದೇನ್ರಿ,” ಎಂದ ಜಮಾಲಸಾಬ, ನನ್ನ ಮುಖ ನೋಡುತ್ತ. “ದಿನಾ ಎರಡು ಹೊತ್ತು ನಿಂದರಸ್ತೇನ್ರಿ. ಬಾಯಾರ, ನಿಮಗ ಗೊತ್ತಿರತೈತಿ. ಈಗ ನೀರು ಕೆಡೂದಿಲ್ಲ ಅಲ್ರಿ?”

ಈ ಸಲ ನಾನು ತಿರುಗಿ ನೋಡಿದೆ, ಹತ್ತಿರ ಹೋಗಿ ನೋಡಿದೆ, ಕೇಳಿದ್ದಕ್ಕೆ ಉತ್ತರ ಕೊಟ್ಟೆ.

“ಇಲ್ಲ ಜಮಾಲಸಾಬ. ಕೆಡೂದಿಲ್ಲ.”

ನೂರಜಹಾನ ನನ್ನನ್ನು ಗುರುತು ಹಿಡಿದು ನಕ್ಕು ಹೇಳಿದಳು:

“ನಿಂದರಾಕ ಬರ್ತೈತ್ರಿ ಬಾಯಾರ. ಹೆಜ್ಜಿ ಇಡಾಕ ಇದರಾಗ ಜಾಗಾ ಇಲ್ಲ ನೋಡ್ರಿ.”