ಗುಂಡಮ್ಮನ ಹೆಸರಿನ ಡಬ್ಬಿ

ಕಾಶಿನಾಥ ಹೈದರಾಬಾದಿನ ಪಶುವೈದ್ಯ ಪ್ರಯೋಗಾಲಯವೊಂದರಲ್ಲಿ ಸಹಾಯಕ. ಕುರಿಗಳ ಹಿಕ್ಕೆ ತಂದು, ಅದರಲ್ಲಿ ಹುಳುಗಳ ಮೊಟ್ಟೆ ಇವೆಯೇ ಎಂದು ಸೂಕ್ಷ್ಮದರ್ಶಕದಲ್ಲಿ ನೋಡುವುದು ಅವನ ಕೆಲಸ. ಶಂಶಾಬಾದಿನಲ್ಲಿ ವಿಮಾನ ನಿಲ್ದಾಣ ಏಳುತ್ತಿದ್ದ ಕಾಲವದು. ಮೇಯಲು ಜಾಗವಿಲ್ಲದೆ ಕೆಲವು ಹಿಂಡುಗಳು ಕೆರೆಯಂಗಳದ ಜೌಗಿಗೆ ಇಳಿದಿದ್ದವು. ಆರು ಹಿಂಡುಗಳ ಹಿಕ್ಕೆ ತರಬೇಕಿದ್ದ ಕಾಶಿನಾಥ, ಬಿಸಿಲಿಗೆ ಬೇಸತ್ತು, ರಸ್ತೆ ಬದಿಯ ಒಂದೇ ಹಿಂಡಿನದನ್ನು ಆರೂ ಡಬ್ಬಿಗಳಿಗೆ ತುಂಬಿದ. ಮೊಟ್ಟೆ ಕಾಣಲಿಲ್ಲ. ಹುಳುವಿಲ್ಲ, ಔಷಧ ಬೇಡ ಎಂದು ಎಲ್ಲರಿಗೂ ಹೇಳಿ ಕಳಿಸಿದ.

ಎರಡು ತಿಂಗಳಲ್ಲಿ, ಆ ಆರು ಹಿಂಡುಗಳಲ್ಲಿ ಒಂದರ ಒಡತಿ, ಬೀದರ್ ಕಡೆಯಿಂದ ಬಂದು ನೆಲೆಸಿದ್ದ ಗುಂಡಮ್ಮನ ಕುರಿಗಳು ಗದ್ದ ಬಾತು ಸಾಯತೊಡಗಿದವು. ಸತ್ತ ಕುರಿಯ ಯಕೃತ್ತು ಕೊಯ್ದರೆ ಜೌಗಿನ ಹುಲ್ಲಿನೊಡನೆ ಒಳಹೊಕ್ಕಿದ್ದ, ಎಲೆಯಂಥ ಚಪ್ಪಟೆ ಹುಳುಗಳು ಹೊರಬಿದ್ದವು.

“ನೀವರೆ ಏನ್ ಮಾಡ್ತೀರಿ ಸಾಹೇಬ್ರ, ನೋಡೇ ಹೇಳಿದ್ರಿ. ನನ್ನ ನಸೀಬೇ ಖೊಟ್ಟಿ,” ಎಂದು ಗುಂಡಮ್ಮನೇ ಅವನನ್ನು ಸಮಾಧಾನಪಡಿಸಿದಳು.

ಕಾಶಿನಾಥನಿಗೆ ತಡೆಯಲಾಗಲಿಲ್ಲ. “ನಸೀಬಲ್ರಿ ಅಕ್ಕಾ. ನಿಮ್ಮ ದೊಡ್ಡಿಗೆ ನಾ ಬಂದೇ ಇರಲಿಲ್ಲ. ಬ್ಯಾರೇವ್ರ ಹಿಕ್ಕೆ ತುಂಬಿ ಡಬ್ಬಿ ಮ್ಯಾಲೆ ನಿಮ್ಮ ಹೆಸರು ಬರದೆ.”

ಅವಳು ಬೈಯಲಿಲ್ಲ. ದೊಡ್ಡಿಯ ಬಾಗಿಲು ತೆರೆದು, “ಉಳದವಕ್ಕರೆ ಔಷಧ ಹಾಕ್ರಿ,” ಎಂದಳು.

ಮೊಣಕಾಲೂರಿ ಒಂದೊಂದು ಕುರಿಯ ಬಾಯಿಗೂ ಔಷಧ ಹೊಯ್ದ. ಹದಿನಾಲ್ಕು ಉಳಿದವು. ಆಮೇಲೆ ಆ ದೊಡ್ಡಿಗೆ ಎಷ್ಟು ಸಲ ಹೋದರೂ ಅವನಿಗೆ ತಲೆಯೆತ್ತಿ ಮಾತಾಡಲಾಗಲಿಲ್ಲ.